ಆರೋಗ್ಯ ಸಲಹೆ: ಗಾಳಿ ಕಂಡರಾಗದ ರೋಗಾಣುಗಳು

ಹಂಪನಕಟ್ಟೆಯಿಂದ ಸೋದರಿಯೊಬ್ಬರು ಬರೆದಿದ್ದಾರೆ: "ಅತ್ತೆಯವರಿಗೆ ದವಡೆ ಹಲ್ಲಿನ ಬುಡದಲ್ಲಿ ಕುರು ಎದ್ದು ಕೆನ್ನೆಯೆಲ್ಲ ಊದಿತು. ಕೀವಿನ ವಾಸನೆಗೆ ಹತ್ತಿರ ಕೂರಲಾಗುತ್ತಿರಲಿಲ್ಲ. ಪರೀಕ್ಷೆಗೆ ಕಳಿಸಿದರೆ ರೋಗಾಣು ಬೆಳೆದಿಲ್ಲ ಅಂತ ರಿಪೋರ್ಟು ಬಂತು. ಇದೇನು ಕಣ್ಕಟ್ಟು?"

ಕಣ್ಕಟ್ಟಲ್ಲ ತಾಯಿ. ಕೆಲವು ಬ್ಯಾಕ್ಟೀರಿಯಾಗಳಿಗೆ ನಮ್ಮ ಪ್ರಾಣವಾಯುವೇ ವಿಷ. ಲೂಯಿ ಪಾಶ್ಚರ್ 1861ರಲ್ಲೇ ಇಂಥವನ್ನು ಕಂಡಿದ್ದ. ಗೋಬರ್ ಗ್ಯಾಸಿನ ಗುಂಡಿ ನೋಡಿದ್ದೀರಲ್ಲ, ಮುಚ್ಚಿದ ಗುಂಡಿಯೊಳಗೆ ಸಗಣಿಯಿಂದ ಗ್ಯಾಸು ಮಾಡುವವೂ ಗಾಳಿ ಒಲ್ಲದ ಜೀವಿಗಳೇ. ನಮ್ಮ ಹಲ್ಲಿನ ಸಂದಿಯಲ್ಲಿ, ಕರುಳಿನಲ್ಲಿ ಇವು ಸದಾ ಇರುತ್ತವೆ. ಹಲ್ಲು ಹುಳುಕಾದಾಗ, ಅಪೆಂಡಿಕ್ಸ್ ಒಡೆದಾಗ, ಹೆರಿಗೆಯ ನಂತರ ಗರ್ಭಕೋಶಕ್ಕೆ ನಂಜೇರಿದಾಗ ಒಳಗೆ ಸೇರಿ ಕೀವು ಕಟ್ಟುತ್ತವೆ. ಆ ಕೆಟ್ಟ ವಾಸನೆಯೇ ಇವುಗಳ ದೊಡ್ಡ ಗುರುತು.

ಆದರೆ ಹಿಡಿಯುವುದು ಕಷ್ಟ. ಹತ್ತಿಯ ಕಡ್ಡಿಯಲ್ಲಿ ಕೀವು ಒರೆಸಿ ಕಳಿಸಿದರೆ ದಾರಿಯಲ್ಲೇ ಗಾಳಿ ತಾಗಿ, ಒಣಗಿ ಸಾಯುತ್ತವೆ. ಸಿರಿಂಜಿನಲ್ಲಿ ಎಳೆದು, ಅದರೊಳಗಿನ ಗಾಳಿ ಹೊರಡಿಸಿ, ತಡಮಾಡದೆ ಲ್ಯಾಬಿಗೆ ಮುಟ್ಟಿಸಬೇಕು, ಫ್ರಿಜ್ಜಿನಲ್ಲೂ ಇಡಬಾರದು. ಅಲ್ಲಿ ಆಮ್ಲಜನಕ ತೆಗೆದ ಬಿಗಿ ಜಾಡಿಯಲ್ಲಿ, ಮೈಶಾಖದಷ್ಟೇ 37 ಡಿಗ್ರಿಯಲ್ಲಿ, ಕಡಿಮೆಯೆಂದರೆ 48 ಗಂಟೆ ಇಡುತ್ತಾರೆ. ಇಡ್ಲಿ ಹಿಟ್ಟು ಉಬ್ಬಿತೇ ಎಂದು ನಾವು ಇಣುಕುವ ಹಾಗೆ ಮಧ್ಯೆ ಮುಚ್ಚಳ ತೆಗೆಯುವಂತಿಲ್ಲ! ಬೆಳೆದ ಮೇಲೂ ಒಂದೇ ಕೀವಿನಲ್ಲಿ ನಾಲ್ಕೈದು ಜಾತಿ ಇರುವುದುಂಟು. ಒಂದೊಂದನ್ನೂ ಬೇರ್ಪಡಿಸಿ, ಗಾಳಿಯಲ್ಲೂ ಬೆಳೆಯುತ್ತದೆಯೇ ಎಂದು ನೋಡಬೇಕು. ಈಗ ನಿಮಿಷಗಳಲ್ಲಿ ಹೆಸರು ಹೇಳುವ ಯಂತ್ರ ಬಂದಿದೆ. ಅದಕ್ಕೂ ಮೊದಲು ಬೆಳೆದ ರೋಗಾಣು ಬೇಕಲ್ಲ! ವೈದ್ಯರು ಚೀಟಿಯಲ್ಲಿ ಬೇರೆಯಾಗಿ ಬರೆಯದಿದ್ದರೆ ಎಷ್ಟೋ ಕಡೆ ಈ ಪರೀಕ್ಷೆ ಮಾಡುವುದೇ ಇಲ್ಲ. 1955ರಿಂದ ಮೆಡಿಕಲ್ ಕಾಲೇಜು ಇರುವ ನಿಮ್ಮ ಊರಲ್ಲಿ ವಿಚಾರಿಸಬಹುದು, ಸಣ್ಣ ಊರಿನವರ ಪಾಡು ಬೇರೆ.

ಹಾಗೆಂದು ರಿಪೋರ್ಟಿಗೆ ಕಾಯುತ್ತ ಕೂರಬಾರದು. ಕೀವು ಹೊರಹೋಗಬೇಕು, ಅದೇ ಮೊದಲ ಮದ್ದು. ಜೊತೆಗೆ ವೈದ್ಯರು ಮೆಟ್ರೊನಿಡಜೋಲ್ ಕೊಡುವುದುಂಟು. ಇದರ ಈ ಗುಣ ತಿಳಿದದ್ದು ಒಬ್ಬ ಹೆಂಗಸಿನಿಂದ: ಬಿಳಿಸೆರಗು ತರುವ ಬೇರೊಂದು ಸೋಂಕಿಗೆ ಇದನ್ನು ನುಂಗಿದಾಕೆಯ ವಸಡಿನ ಹುಣ್ಣೂ ಮಾಯಿತೆಂದು 1962ರಲ್ಲಿ ವರದಿಯಾಯಿತು.

ಮನೆಯಲ್ಲಿ ಉಳಿದ ಮಾತ್ರೆ ಕೊಟ್ಟು ಆಮೇಲೆ ಕೀವು ಪರೀಕ್ಷೆಗೆ ಕಳಿಸಬೇಡಿ. ಇದ್ದ ರೋಗಾಣುವೂ ಬೆಳೆಯದೆ ಹೋದೀತು. ರಿಪೋರ್ಟಿನಲ್ಲಿ ಸೂಕ್ಷ್ಮದರ್ಶಕಕ್ಕೆ ಕಂಡಿವೆ, ಬೆಳೆದಿಲ್ಲ ಎಂದಿದ್ದರೆ ಈ ಜಾತಿಯವು ಇರಬಹುದೇ ಎಂದು ಡಾಕ್ಟರಲ್ಲಿ ಧೈರ್ಯವಾಗಿ ಕೇಳಿ. ಅತ್ತೆಯವರಿಗೆ ಬಾಯಿ ತೆರೆಯಲು, ನುಂಗಲು ಕಷ್ಟವಾದರೆ ಬೆಳಗಾಗಲಿ ಅನ್ನಬೇಡಿ, ಆ ಗಳಿಗೆಯಲ್ಲೇ ಆಸ್ಪತ್ರೆಗೆ ಕರೆದೊಯ್ಯಿರಿ. ಅಂದಹಾಗೆ ಆ ಹಲ್ಲನ್ನು ಏನು ಮಾಡಿಸಿದಿರಿ? ನೀವು ಬರೆದಿಲ್ಲ. ಅದಕ್ಕೆ ಚಿಕಿತ್ಸೆಯಾಗದಿದ್ದರೆ ಕುರು ಮತ್ತೆ ಏಳುತ್ತದೆ.