ಕಡಲಿಗೆ ಇಳಿಯದೆ ಕಡಲ ನೋಡಿ

ಡಿಸೆಂಬರ್ ಬಂತೆಂದರೆ ಶಾಲೆಗಳಲ್ಲಿ ಪ್ರವಾಸದ ಸಡಗರ. ಉತ್ತರ ಕನ್ನಡದ ಕರಾವಳಿಗೆ ಬರುವ ಬಸ್ಸುಗಳು ದೇವಸ್ಥಾನ ತೋರಿಸಿ, ಮಕ್ಕಳನ್ನು ಒಂದು ಗಂಟೆ ಕಡಲ ತೀರದಲ್ಲಿ ಬಿಡುತ್ತವೆ. ಆ ಒಂದು ಗಂಟೆಯಲ್ಲಿ ಎಲ್ಲರ ಕಾಲೂ ನೀರಿನತ್ತಲೇ. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಹೀಗೆ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು.

ಚಳಿಗಾಲದ ಕಡಲು ಮಳೆಗಾಲದಂತೆ ಅಬ್ಬರಿಸುವುದಿಲ್ಲ. ಆದರೆ ದಡಕ್ಕೆ ಬಂದ ಅಲೆಯ ನೀರು ಹಿಂದಿರುಗುವಾಗ ಕೆಲವೆಡೆ ಕಿರಿದಾದ, ರಭಸದ ಸೆಳೆತವಾಗುತ್ತದೆ. ಅಲ್ಲಿ ಅಲೆ ಕಡಿಮೆ ಇರುವುದರಿಂದ ಹೊಸಬರಿಗೆ ಅದೇ ಸುರಕ್ಷಿತ ಜಾಗವೆನಿಸುತ್ತದೆ!

ಹಾಗೆಂದು ಕಡಲನ್ನೇ ಬಿಡಬೇಕಿಲ್ಲ, ನಡೆದು ನೋಡಬಹುದು. ಗೋಕರ್ಣದ ಊರ ತೀರದಿಂದ ದಕ್ಷಿಣಕ್ಕೆ ಗುಡ್ಡ ಹತ್ತಿಳಿದರೆ ಕುಡ್ಲೆ, ಇನ್ನೊಂದು ಗುಡ್ಡದಾಚೆ ಓಂ ತೀರ. ಎರಡು ಅರ್ಧಚಂದ್ರಗಳು ಬಂಡೆಯ ಬಳಿ ಕೂಡಿ 'ಓಂ' ಆಕಾರವಾಗಿರುವುದು ಮೇಲಿನಿಂದಲೇ ಚೆನ್ನಾಗಿ ಕಾಣುತ್ತದೆ. ಕಾಲಡಿಯ ಕೆಂಪು ಚಿರೇಕಲ್ಲೂ ಒಂದು ಪಾಠವೇ. ದೀರ್ಘಕಾಲದ ಮಳೆ ಉಳಿದ ಅಂಶಗಳನ್ನು ತೊಳೆದೊಯ್ದು ಕಬ್ಬಿಣವನ್ನು ಉಳಿಸಿದ್ದರಿಂದ ಬಂದ ಬಣ್ಣ ಅದು.

ಮರುದಿನ ಊರಿನ ಹಿಂಬದಿಗೆ, ಅಘನಾಶಿನಿ ಅಳಿವೆಯತ್ತ ಹೆಜ್ಜೆ ಹಾಕಬಹುದು. ಅಣೆಕಟ್ಟಿಲ್ಲದೆ ಹರಿಯುವ ಈ ನದಿಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಇಲ್ಲಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರನ್ನೂ ತಾಳುವ ಕಗ್ಗ ಭತ್ತ ಬೆಳೆಯುತ್ತಾರೆ. ಚಳಿಗಾಲದ ಹೊತ್ತಿಗೆ ಕೊಯ್ಲು ಮುಗಿದು, ಅದೇ ಗದ್ದೆಗಳಲ್ಲಿ ಸಿಗಡಿ, ಮೀನು. ನೀರಿಳಿದಾಗ ವಲಸೆ ಹಕ್ಕಿಗಳು ಕೆಸರಿನಲ್ಲಿ ಮೇವು ಹುಡುಕುತ್ತವೆ. ಸಾಣಿಕಟ್ಟಾದಲ್ಲಿ ಭರತದ ನೀರನ್ನು ಪಾತಿಗಳಿಗೆ ಹಾಯಿಸಿ, ಬಿಸಿಲಿನಲ್ಲಿ ಒಣಗಿಸಿ ಉಪ್ಪು ತೆಗೆಯುತ್ತಾರೆ. ಭೂಗೋಳ, ವಿಜ್ಞಾನ ಎರಡೂ ಅಲ್ಲಿ ಕಣ್ಣೆದುರೇ ಇವೆ.

ಹೊರಡುವ ಮುನ್ನ ಗುಡ್ಡದ ದಾರಿಗೆ ಅನುಮತಿ ಬೇಕೇ ಎಂದು ಅರಣ್ಯ ಇಲಾಖೆಯಲ್ಲಿ, ಭರತ-ಇಳಿತದ ಹೊತ್ತನ್ನು ಮೀನುಗಾರರಲ್ಲಿ ವಿಚಾರಿಸಬೇಕು. ಬೆಳಿಗ್ಗೆ ಬೇಗ ಹೊರಟು ಬಿಸಿಲೇರುವ ಮೊದಲೇ ಮರಳುವುದು ಒಳ್ಳೆಯದು. ಹಿಡಿತವಿರುವ ಬೂಟು, ಟೋಪಿ, ನೀರು ಜೊತೆಗಿರಲಿ. ಪಾಚಿಗಟ್ಟಿದ ಬಂಡೆ ಹತ್ತಿ ಫೋಟೊ ತೆಗೆಯುವುದು ಬೇಡ. ಯಾರಾದರೂ ಸೆಳೆತಕ್ಕೆ ಸಿಕ್ಕಿದರೆ ದಡದತ್ತ ಎದುರೀಜದೆ, ತೇಲುತ್ತಾ ಕೂಗಿ ಕರೆಯಬೇಕು. ಈಜು ಬಲ್ಲವರು ದಡಕ್ಕೆ ಸಮಾನಾಂತರವಾಗಿ ಈಜಿ ಸೆಳೆತದಿಂದ ಹೊರಬರಬೇಕು. ದಡದಲ್ಲಿದ್ದವರು ಹಿಂದೆಯೇ ಧುಮುಕದೆ ಹಗ್ಗವನ್ನೋ ಖಾಲಿ ಕ್ಯಾನನ್ನೋ ಎಸೆಯಬೇಕು.

ಪ್ರವಾಸದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಪಾಲಕರು ಖರ್ಚಿನ ಜೊತೆಗೆ ಇನ್ನೊಂದನ್ನೂ ಕೇಳಬೇಕು: ತೀರದಲ್ಲಿ ಮಕ್ಕಳನ್ನು ಎಣಿಸಿಕೊಳ್ಳುವವರು ಯಾರು?