ಕ್ಲಾಸಿನ ಉಯಿಲು, ಕೊರವಂಜಿಯ ಕಣಿ

ಅಮೆರಿಕದ ಹೈಸ್ಕೂಲಿನಲ್ಲಿ ಹನ್ನೆರಡನೆಯ ತರಗತಿ ಮುಗಿಸುವ ಮಕ್ಕಳು ಶಾಲೆ ಬಿಡುವ ಮುಂಚೆ ಉಯಿಲು ಬರೆಯುವ ಒಂದು ಪದ್ಧತಿ ಇದೆ. ಆಸ್ತಿಪಾಸ್ತಿ ಏನೂ ಇಲ್ಲದ ಹದಿನೆಂಟರ ಹುಡುಗ ಏನು ಬರೆದಾನು? 'ಬಸ್ಸಿನ ಕೊನೆಯ ಸೀಟನ್ನು ನನ್ನ ತಮ್ಮನಿಗೆ ಬಿಟ್ಟುಹೋಗುತ್ತಿದ್ದೇನೆ, ಕೆಮಿಸ್ಟ್ರಿಯಲ್ಲಿ ನನಗೆ ಬಂದ ಅಂಕಗಳನ್ನು ಯಾರಿಗೆ ಬೇಕೋ ಅವರು ತೆಗೆದುಕೊಳ್ಳಿ' ಎಂಬ ಧಾಟಿಯಲ್ಲಿ ಸಾಗುತ್ತದೆ ಅದು. ಲಾಕರಿನಲ್ಲಿ ಮರೆತುಹೋದ ಬಾಳೆಹಣ್ಣಿಗೂ ಒಬ್ಬ ವಾರಸುದಾರ ಸಿಗುತ್ತಾನೆ.

ಉಯಿಲಿನ ಜೊತೆಗೆ ಭವಿಷ್ಯವೂ ಇರುತ್ತದೆ. ಇಪ್ಪತ್ತು ವರ್ಷ ಕಳೆದ ಮೇಲೆ ನಮ್ಮಲ್ಲಿ ಯಾರು ಏನಾಗಿರುತ್ತಾರೆ ಎಂದು ಒಬ್ಬರೋ ಇಬ್ಬರೋ ಕೂತು ಇಡೀ ತರಗತಿಯ ಭವಿಷ್ಯ ಬರೆಯುತ್ತಾರೆ. ಸದಾ ತಡವಾಗಿ ಬರುತ್ತಿದ್ದವನು ರೈಲ್ವೆ ಮುಖ್ಯಸ್ಥನಾಗುತ್ತಾನೆ, ಬಾಯಿ ಬಿಡದ ಹುಡುಗಿ ಸೆನೆಟಿನಲ್ಲಿ ಹದಿನಾರು ಗಂಟೆ ಭಾಷಣ ಮಾಡುತ್ತಾಳೆ. 'ಜೀವನದಲ್ಲಿ ಗೆಲ್ಲುವ ಸಾಧ್ಯತೆ ಹೆಚ್ಚಿರುವವರು' ಯಾರು, ತರಗತಿಯ ವಿದೂಷಕ ಯಾರು ಎಂದು ಮತ ಹಾಕಿ ಆರಿಸಿ ಇಯರ್‌ಬುಕ್ಕಿನಲ್ಲಿ ಫೋಟೋ ಸಮೇತ ಅಚ್ಚು ಹಾಕಿಸುವುದೂ ಇದೇ ಕುಟುಂಬದ ಆಚರಣೆ. ಇದು ನಿನ್ನೆ ಮೊನ್ನೆಯದಲ್ಲ. ಹತ್ತೊಂಬತ್ತನೆಯ ಶತಮಾನದಲ್ಲೇ ಅಲ್ಲಿನ ಕಾಲೇಜುಗಳ 'ಕ್ಲಾಸ್ ಡೇ'ಯಲ್ಲಿ ತರಗತಿಯ ಚರಿತ್ರೆ, ತರಗತಿಯ ಪದ್ಯ, ತರಗತಿಯ ಭವಿಷ್ಯ ಎಂದು ಓದುತ್ತಿದ್ದರು. ಅಲ್ಲಿಂದ ಹೈಸ್ಕೂಲಿಗೆ ಇಳಿದು ಬಂತು.

ಕೊಲ್ಲಿಯಲ್ಲಿ ದುಡಿಯುವ ನಮಗೆ ಇದರ ಗೊಡವೆ ಏಕೆ ಎಂದು ಕೇಳಬಹುದು. ನಮ್ಮಲ್ಲಿ ಬಹಳ ಮಂದಿಗೆ ಅಣ್ಣನೋ ಭಾವನೋ ಚಿಕ್ಕಪ್ಪನ ಮಗಳೋ ಅಲ್ಲಿದ್ದಾರೆ. ವಾಷಿಂಗ್ಟನ್ ಸುತ್ತಿನ ವರ್ಜೀನಿಯಾ, ಮೇರಿಲ್ಯಾಂಡ್‌ಗಳಲ್ಲಿ 'ಕಾವೇರಿ', ಅಟ್ಲಾಂಟಾದಲ್ಲಿ 'ನೃಪತುಂಗ', ನಾರ್ತ್ ಕೆರೊಲಿನಾದ ರ್‍ಯಾಲಿ ಕಡೆ 'ಸಂಪಿಗೆ' ಎಂದು ಕನ್ನಡ ಕೂಟಗಳಿವೆ. ಅಕ್ಕ ಸಮ್ಮೇಳನ 2006ರಲ್ಲಿ ಬಾಲ್ಟಿಮೋರ್‌ನಲ್ಲಿ, 2012ರಲ್ಲಿ ಅಟ್ಲಾಂಟಾದಲ್ಲಿ, 2024ರಲ್ಲಿ ರಿಚ್ಮಂಡ್‌ನಲ್ಲಿ ನಡೆಯಿತು. 2015ರ ನಾವಿಕ ಸಮ್ಮೇಳನ ರ್‍ಯಾಲಿಯಲ್ಲಿ. ಆ ಊರುಗಳ ಮಕ್ಕಳು ಬೇಸಿಗೆ ರಜೆಗೆ ಊರಿಗೆ ಬರುವಾಗ ದಪ್ಪ ಇಯರ್‌ಬುಕ್ಕನ್ನು ಸೂಟ್‌ಕೇಸಿನಲ್ಲಿ ಹೊತ್ತು ತರುವುದುಂಟು. ಅಜ್ಜಿ ಪುಟ ಮಗುಚಿ 'ಇದರಲ್ಲಿ ನೀನೆಲ್ಲಿದ್ದೀಯ ಮಗ?' ಎಂದು ಕೇಳುತ್ತಾರೆ. ಅಂಥ ಪುಸ್ತಕಗಳನ್ನು ನಾವೂ ತಿರುವಿಹಾಕಿದ್ದೇವೆ. ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ: ನಮ್ಮ ಮಕ್ಕಳು ತಮ್ಮ ಬಗ್ಗೆ ತಾವೇ ನಗಲು ಅಲ್ಲಿ ಕಲಿತಿದ್ದಾರೆ.

ನಮ್ಮ ಕಡೆಯ ಬೀಳ್ಕೊಡುಗೆ ಗೊತ್ತಲ್ಲ. ಶಾಮಿಯಾನ, ಪ್ರಾರ್ಥನೆ, ಮುಖ್ಯ ಅತಿಥಿಗಳ ಹಿತವಚನ, ಕೆಲವು ಶಾಲೆಗಳಲ್ಲಿ ಹತ್ತನೆಯವರು ಒಂಬತ್ತನೆಯವರ ಕೈಗೆ ದೀಪ ಕೊಡುವುದು, ಹುಡುಗಿಯರು ಅಳುವುದು, ಹುಡುಗರು ಅಳು ಬರಲಿಲ್ಲ ಎಂದು ತೋರಿಸಿಕೊಳ್ಳುವುದು, ಗ್ರೂಪ್ ಫೋಟೋ. ಕೊನೆಗೆ ಶಾಲೆಗೊಂದು ಗೋಡೆ ಗಡಿಯಾರ ಕಾಣಿಕೆ. ಹಳೆಯ ಶಾಲೆಗಳ ಆಫೀಸಿಗೆ ಹೋದರೆ ಇಂಥ ಗಡಿಯಾರಗಳು ಸಾಲಾಗಿ ತೂಗಾಡುತ್ತಿರುತ್ತವೆ, ಒಂದಕ್ಕೊಂದು ಸಮಯ ತಾಳೆಯಾಗುವುದಿಲ್ಲ. ಆ ಸಮಾರಂಭವನ್ನು ನಾವು ಹಗುರ ಮಾಡುತ್ತಿಲ್ಲ, ಅದಕ್ಕೊಂದು ಘನತೆ ಇದೆ. ಆದರೆ ಅಲ್ಲಿ ಮಾತಾಡುವವರು ದೊಡ್ಡವರು. ಮಕ್ಕಳ ಪಾಲಿಗೆ ವಂದನಾರ್ಪಣೆ ಮಾತ್ರ.

ಹಾಗೆಂದು ನಗುತ್ತಾ ಬೀಳ್ಕೊಡುವುದು ನಮಗೆ ಹೊಸದೇನಲ್ಲ. ಕಾಲೇಜ್ ಡೇಯಲ್ಲಿ 'ಫಿಶ್ ಪಾಂಡ್' ಎಂದು ಹೆಸರು ಹಾಕದೆ ಚೀಟಿ ಬರೆದು, ಲೆಕ್ಚರರ್‌ನಿಂದ ಹಿಡಿದು ಕ್ಲಾಸಿನ ಮೊದಲ ರ್‍ಯಾಂಕಿನವರೆಗೆ ಎಲ್ಲರಿಗೂ ಬಿರುದು ಕೊಟ್ಟವರು ನಾವೇ. ಆಟೋಗ್ರಾಫ್ ಪುಸ್ತಕದಲ್ಲಿ ಪ್ರಾಸ ಕಟ್ಟಿ ಕಾಲೆಳೆದವರೂ ನಾವೇ. ಭವಿಷ್ಯ ಹೇಳುವ ವಿಷಯದಲ್ಲಂತೂ ಕನ್ನಡಿಗರಿಗೆ ಯಾರೂ ಪಾಠ ಹೇಳಬೇಕಿಲ್ಲ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಪ್ರತಿವರ್ಷ ಗೊರವಪ್ಪ ಬಿಲ್ಲನ್ನೇರಿ ಒಂದೇ ಒಂದು ಸಾಲು ಕಾರ್ಣಿಕ ನುಡಿಯುತ್ತಾರೆ. ಜನ ಅದನ್ನು ಮನೆಗೊಯ್ದು ಮಳೆಗೂ ಬೆಳೆಗೂ ರಾಜಕೀಯಕ್ಕೂ ಹೊಂದಿಸಿ ಅರ್ಥ ಮಾಡುತ್ತಾರೆ. ರಾಶಿ ಎಂದು ಹೆಸರಾದ ಡಾ. ಎಂ. ಶಿವರಾಂ 1942ರಲ್ಲಿ ಹಾಸ್ಯ ಪತ್ರಿಕೆ ಆರಂಭಿಸಿದಾಗ ಅದಕ್ಕೆ ಇಟ್ಟ ಹೆಸರೇ 'ಕೊರವಂಜಿ', ಅಂದರೆ ಕಣಿ ಹೇಳುವವಳು. ಆರ್.ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದವರು. ಕಣಿಯನ್ನೂ ನಗೆಯನ್ನೂ ಒಂದೇ ಬುಟ್ಟಿಯಲ್ಲಿ ಇಡಬಹುದು ಎಂದು ನಮಗೆ ಆಗಲೇ ಗೊತ್ತಿತ್ತು.

ಈಗ ನಗು ಅಷ್ಟು ಸಲೀಸಾಗಿ ಬರದ ಭಾಗಕ್ಕೆ ಬರೋಣ. ಇಪ್ಪತ್ತು ವರ್ಷದ ನಂತರ ನೀನೆಲ್ಲಿರುತ್ತೀಯ ಎಂಬ ಪ್ರಶ್ನೆ ಆ ಇಯರ್‌ಬುಕ್ಕಿನ ಬೇರೆ ಮಕ್ಕಳಿಗೆ ಆಟ. ನಮ್ಮವರಲ್ಲಿ ಕೆಲವರಿಗೆ ಮೂರೇ ವರ್ಷದ ನಂತರ ಎಲ್ಲಿರುತ್ತೇನೆ ಎಂಬುದೂ ತಿಳಿಯದು. ಅಪ್ಪ ಎಚ್-1ಬಿ ವೀಸಾದಲ್ಲಿ ಹೋದರೆ ಮಗು ಎಚ್-4ರಲ್ಲಿ ಹೋಗುತ್ತದೆ. ಆ ವೀಸಾ ಇಪ್ಪತ್ತೊಂದು ತುಂಬುವವರೆಗೆ ಮಾತ್ರ. ಗ್ರೀನ್ ಕಾರ್ಡಿಗೆ ದೇಶವಾರು ಶೇಕಡಾ 7ರ ಮಿತಿ ಇರುವುದರಿಂದ ಭಾರತದವರ ಸರದಿ ದಶಕಗಟ್ಟಲೆ ಉದ್ದ. ಅಪ್ಪನ ಸರದಿ ಬರುವುದರೊಳಗೆ ಮಗ ಇಪ್ಪತ್ತೊಂದು ದಾಟಿಬಿಡುತ್ತಾನೆ. ನಾಲ್ಕನೆಯ ವಯಸ್ಸಿಗೆ ಹೋಗಿ ಅಲ್ಲೇ ಬೆಳೆದವನು ವಿದ್ಯಾರ್ಥಿ ವೀಸಾ ಮಾಡಿಸಿಕೊಂಡು ಪರದೇಶಿಯಾಗಬೇಕು, ಇಲ್ಲವೇ ತಾನು ಸರಿಯಾಗಿ ಅರಿಯದ ತನ್ನ ದೇಶಕ್ಕೆ ಹೊರಡಬೇಕು. ಈ ಸ್ಥಿತಿಯ ಮಕ್ಕಳು ಎರಡು ಲಕ್ಷಕ್ಕೂ ಹೆಚ್ಚು ಎಂಬುದು ಅಲ್ಲಿ ಸಾಮಾನ್ಯವಾಗಿ ಹೇಳುವ ಅಂದಾಜು. ಎಚ್-4ರ ಮಗು ಬೇಸಿಗೆಯಲ್ಲಿ ಐಸ್‌ಕ್ರೀಂ ಅಂಗಡಿಯಲ್ಲೂ ಸಂಬಳಕ್ಕೆ ನಿಲ್ಲುವಂತಿಲ್ಲ. ಜಾರ್ಜಿಯಾ ರಾಜ್ಯದಲ್ಲಿ 1993ರಿಂದ ಲಾಟರಿ ಹಣದಲ್ಲಿ 'ಹೋಪ್' ವಿದ್ಯಾರ್ಥಿವೇತನ ಕೊಡುತ್ತಾರೆ. ಅಟ್ಲಾಂಟಾದ ಒಂದೇ ಬೆಂಚಿನಲ್ಲಿ ಕೂತು ಒಂದೇ ಅಂಕ ತೆಗೆದ ಇಬ್ಬರು ಕನ್ನಡದ ಹುಡುಗಿಯರಲ್ಲಿ ಅಲ್ಲೇ ಹುಟ್ಟಿದವಳಿಗೆ ಅದು ಸಿಗುತ್ತದೆ, ಮಂಡ್ಯದಲ್ಲಿ ಹುಟ್ಟಿ ಎಚ್-4ರಲ್ಲಿ ಹೋದವಳಿಗೆ ಇಲ್ಲ. ಇಬ್ಬರ ಹೆಸರೂ ಆ ತಮಾಷೆಯ ಭವಿಷ್ಯದ ಪುಟದಲ್ಲಿ ಅಕ್ಕಪಕ್ಕ ಇರುತ್ತದೆ.

ಇದನ್ನು ಓದುವಾಗ ನಮಗೆ ಪರಕೀಯ ಅನ್ನಿಸುವುದಿಲ್ಲ. ಇಲ್ಲಿ ಹುಟ್ಟಿದ ಮಕ್ಕಳಿಗೂ ಇದು ಊರಲ್ಲ, ಪಾಸ್‌ಪೋರ್ಟಿನಲ್ಲಿರುವ ಊರು ರಜೆಯ ಊರು. ಯುಎಇಯಲ್ಲಿ ಮೊದಲು ಗಂಡುಮಕ್ಕಳು ಹದಿನೆಂಟು ದಾಟಿದರೆ ಓದುತ್ತಿದ್ದರೆ ಮಾತ್ರ ಅಪ್ಪನ ವೀಸಾದಲ್ಲಿ ಇರಬಹುದಿತ್ತು. 2022ರ ಅಕ್ಟೋಬರ್‌ನಿಂದ ಮದುವೆಯಾಗದ ಮಗನನ್ನು ಇಪ್ಪತ್ತೈದರವರೆಗೆ ಇಟ್ಟುಕೊಳ್ಳಬಹುದು ಎಂದಾಯಿತು. ನೆಮ್ಮದಿಯ ಸುದ್ದಿಯೇ. ಆದರೂ ಹನ್ನೆರಡನೆಯ ಸಿಬಿಎಸ್‌ಇ ಪರೀಕ್ಷೆ ಮುಗಿದ ಕೂಡಲೇ ಮಣಿಪಾಲಕ್ಕೋ ಮಂಗಳೂರಿಗೋ ಬೆಂಗಳೂರಿಗೋ ಸೀಟಿನ ಓಟ ಶುರು. ಕೆಜಿಯಿಂದ ಜೊತೆಗಿದ್ದ ಗೆಳೆಯರು ಹದಿನೈದು ದಿನದಲ್ಲಿ ಚೆಲ್ಲಾಪಿಲ್ಲಿಯಾಗುತ್ತಾರೆ. ಅಮೆರಿಕದ ಮಗು ನಾಲ್ಕು ವರ್ಷ ಬಿಟ್ಟು ತನ್ನ ಊರಿಗೆ ಬಂದರೆ ಹಳೆಯ ಗೆಳೆಯರಲ್ಲಿ ಒಂದಿಬ್ಬರಾದರೂ ಸಿಗುತ್ತಾರೆ. ಇಲ್ಲಿಯ ಮಗು ಬಂದರೆ ಗೆಳೆಯನ ಫ್ಲ್ಯಾಟಿನಲ್ಲಿ ಬೇರೆ ಬಾಡಿಗೆದಾರರು, ಶಾಲೆಯಲ್ಲಿ ಬೇರೆ ಮೇಷ್ಟ್ರು. ಹಾಗಾಗಿ ತಮ್ಮ ತಮಾಷೆಗಳನ್ನು ಒಂದು ಕಡೆ ಬರೆದಿಡುವ ಅಗತ್ಯ ಯಾರಿಗಾದರೂ ಇದ್ದರೆ ಅದು ಅಲ್ಲಿಯವರಿಗಿಂತ ಇಲ್ಲಿಯ ಮಕ್ಕಳಿಗೆ ಹೆಚ್ಚು ಎಂದು ನಮ್ಮ ಅಭಿಪ್ರಾಯ.

ಅಡ್ಡ ಬರುವುದು ನಾವು, ದೊಡ್ಡವರು. ಮಗುವಿನ ಕಾರ್ಣಿಕವನ್ನು ಮೊದಲೇ ನುಡಿದಿಟ್ಟಿರುತ್ತೇವೆ: ಎಂಜಿನಿಯರ್, ಡಾಕ್ಟರ್, ಆಗದಿದ್ದರೆ ಸಿಎ. ಇದರಲ್ಲಿ ಅಮೆರಿಕದ ಬಂಧುಗಳು ನಮ್ಮನ್ನೂ ಮೀರಿಸಿದ್ದಾರೆ. ವರ್ಜೀನಿಯಾದ ಅಲೆಕ್ಸಾಂಡ್ರಿಯಾದಲ್ಲಿ 1985ರಲ್ಲಿ ಆರಂಭವಾದ ಥಾಮಸ್ ಜೆಫರ್ಸನ್ ಹೈಸ್ಕೂಲ್ ಎಂಬ ವಿಜ್ಞಾನದ ಸರ್ಕಾರಿ ಶಾಲೆ ಇದೆ. 2020ರಲ್ಲಿ ಅದರ ಪ್ರವೇಶ ಕ್ರಮ ಬದಲಾಯಿಸಿದಾಗ ಪೋಷಕರ ಗುಂಪೊಂದು ಕೋರ್ಟಿಗೆ ಹೋಯಿತು. ಪ್ರಕರಣ ಸುಪ್ರೀಂ ಕೋರ್ಟಿನ ಬಾಗಿಲಿನವರೆಗೆ ಹೋಗಿ, 2024ರ ಫೆಬ್ರವರಿಯಲ್ಲಿ ಕೋರ್ಟು ಅದನ್ನು ಕೈಗೆತ್ತಿಕೊಳ್ಳಲು ಒಪ್ಪಲಿಲ್ಲ. ಯಾರ ಪಕ್ಷ ಸರಿ ಎಂಬ ತೀರ್ಪು ನಮ್ಮ ಕೆಲಸವಲ್ಲ. ಒಂದು ಹೈಸ್ಕೂಲ್ ಸೀಟಿನ ಮೇಲೆ ಅಷ್ಟು ಭಾರ ಇದ್ದಾಗ, ಆ ಮಗು ಹನ್ನೆರಡನೆಯ ತರಗತಿಯ ಕೊನೆಗೆ 'ನಾನು ದೊಡ್ಡವನಾಗಿ ಮೀನು ಹಿಡಿಯುತ್ತೇನೆ' ಎಂದು ಬರೆದರೆ ಅದು ಬರೀ ಜೋಕಲ್ಲ. ಅಪ್ಪ ಅಮ್ಮನಿಗೆ ನೇರವಾಗಿ ಹೇಳಲಾಗದ ಮಾತಿಗೆ ಅದೊಂದು ದಾರಿ. ಓದಿ ನಕ್ಕು, ರಾತ್ರಿ ಊಟಕ್ಕೆ ಕೂತಾಗ 'ಮೀನು ಯಾಕೋ?' ಎಂದು ಕೇಳುವ ಅಪ್ಪ ಸಿಕ್ಕರೆ ಆ ಪುಟಕ್ಕೆ ಹಾಕಿದ ಖರ್ಚು ವಸೂಲು.

ನಮ್ಮ ಓದುಗರಲ್ಲಿ ದೊಡ್ಡ ಪಾಲು ಕುಟುಂಬ ಜೊತೆಗಿಲ್ಲದವರದು. ಯುಎಇಯಲ್ಲಿ ಕುಟುಂಬವನ್ನು ಕರೆಸಿಕೊಳ್ಳಲು 4,000 ದಿರ್ಹಂ ಸಂಬಳ ಇರಬೇಕು, ವಸತಿ ಇದ್ದರೆ 3,000. ಅಷ್ಟು ಸಂಬಳ ಬಂದರೂ ಬಾಡಿಗೆ, ಶಾಲೆಯ ಫೀಸು ಲೆಕ್ಕ ಹಾಕಿ ಕೈಬಿಟ್ಟವರು ಎಷ್ಟೋ ಮಂದಿ. ಕುಂದಾಪುರ, ಭಟ್ಕಳ, ಬಂಟ್ವಾಳ, ಕಲಬುರಗಿ ಕಡೆ ಅವರ ಮಕ್ಕಳ ಬೀಳ್ಕೊಡುಗೆ ನಡೆಯುವಾಗ ಅಪ್ಪ ಸೈಟಿನಲ್ಲಿ ಇರುತ್ತಾನೆ. ರಾತ್ರಿ ಕ್ಯಾಂಪಿಗೆ ಬಂದು, ಮೇಲಿನ ಬಂಕಿನಲ್ಲಿ ಮಲಗಿ ವಾಟ್ಸ್ಆಪ್‌ನಲ್ಲಿ ಫೋಟೋ ನೋಡುತ್ತಾನೆ. ಫೋಟೋದಲ್ಲಿ ಮಗಳು ಸೀರೆ ಉಟ್ಟಿರುತ್ತಾಳೆ. ಅವಳು ಕ್ಲಾಸಿನಲ್ಲಿ ಯಾರನ್ನು ನಗಿಸುತ್ತಿದ್ದಳು, ಯಾವ ಮೇಷ್ಟ್ರ ಅನುಕರಣೆ ಮಾಡುತ್ತಿದ್ದಳು, ಗೆಳತಿಯರು ಅವಳಿಗೆ ಏನೆಂದು ಹೆಸರಿಟ್ಟಿದ್ದರು ಎಂಬುದು ಫೋಟೋದಲ್ಲಿ ಬರುವುದಿಲ್ಲ. ಅಂಕ ಎಷ್ಟು ಎಂಬುದು ಮಾತ್ರ ಮೇ ತಿಂಗಳಲ್ಲಿ ಬರುತ್ತದೆ. ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗುವ ಅಪ್ಪನಿಗೆ ತನ್ನ ಮಗಳು ತಮಾಷೆಯವಳು ಎಂದು ಗೊತ್ತಾಗಲು ಅಂಕಪಟ್ಟಿಯಿಂದ ಸಹಾಯವಿಲ್ಲ, ಅವಳ ಗೆಳತಿ ಬರೆದ ಎರಡು ಸಾಲಿನ ಭವಿಷ್ಯದಿಂದ ಇದೆ.

ಒಂದು ಎಚ್ಚರಿಕೆ ಬೇಕು. ನಗೆ ಕೈತಪ್ಪುತ್ತದೆ. ಅಮೆರಿಕದ ಕೆಲವು ಶಾಲೆಗಳು ಉಯಿಲನ್ನೂ ಬಿರುದುಗಳನ್ನೂ ನಿಲ್ಲಿಸಿದ್ದು, ಅದರ ಮರೆಯಲ್ಲಿ ಕೆಲವು ಮಕ್ಕಳನ್ನು ಚುಚ್ಚುತ್ತಿದ್ದರು ಎಂಬ ಕಾರಣಕ್ಕೆ. ನಮ್ಮ ಫಿಶ್ ಪಾಂಡ್ ಚೀಟಿಗಳೂ ಹಾಲಿನಲ್ಲಿ ತೊಳೆದವಲ್ಲ. ಬಣ್ಣ, ದಪ್ಪ, ಜಾತಿ, ತೊದಲು ಮಾತು, ಯಾವುದನ್ನೂ ಬಿಟ್ಟಿರಲಿಲ್ಲ ಅವು. ಚೀಟಿಯಲ್ಲಿ ಹೆಸರಿಲ್ಲದ್ದೇ ಅದಕ್ಕೆ ಧೈರ್ಯ. ಬರೆದವರ ಹೆಸರು ಕೆಳಗೆ ಇರಬೇಕು ಮತ್ತು ಯಾರ ಬಗ್ಗೆ ಬರೆದಿದೆಯೋ ಅವರು ಮೊದಲೇ ಓದಿ ಒಪ್ಪಿರಬೇಕು ಎಂದು ಎರಡು ನಿಯಮ ಇಟ್ಟರೆ ಮುಕ್ಕಾಲು ಪಾಲು ಕಸ ತಾನೇ ಹೋಗುತ್ತದೆ. ಇದರಿಂದ ನಗೆ ಸಪ್ಪೆಯಾಗುತ್ತದೆ ಎನ್ನುವವರಿಗೆ ರಾಶಿಯವರ ಪತ್ರಿಕೆಯ ಹಳೆಯ ಸಂಚಿಕೆ ಹುಡುಕಿ ಓದಲು ಹೇಳುತ್ತೇವೆ.

ಆದ್ದರಿಂದ ಸಂಘದ ಮುಂದೆ ನಮ್ಮದೊಂದು ಬೇಡಿಕೆ. ಮುಂದಿನ ವರ್ಷದ ಈ ಸಂಚಿಕೆಯಲ್ಲಿ ನಾಲ್ಕು ಪುಟ ಬಿಡಿ. ಹತ್ತನೆಯ, ಹನ್ನೆರಡನೆಯ ತರಗತಿ ಅಥವಾ ಪಿಯುಸಿ ಮುಗಿಸಿದ ನಮ್ಮ ಸದಸ್ಯರ ಮಕ್ಕಳು, ಇಲ್ಲಿರಲಿ ಊರಿನಲ್ಲಿರಲಿ, ಐದೈದು ಸಾಲಿನ ಉಯಿಲು ಬರೆಯಲಿ, ಗೆಳೆಯರು ಅವರ ಭವಿಷ್ಯ ಬರೆಯಲಿ. ಕ್ಯಾಂಪಿನಲ್ಲಿರುವ ಸದಸ್ಯರ ಮಕ್ಕಳಿಗೆ ಮೊದಲ ಆದ್ಯತೆ ಇರಲಿ. ಕನ್ನಡ ಬರೆಯಲು ಬಾರದ ಮಕ್ಕಳು ವಾಯ್ಸ್ ಮೆಸೇಜ್ ಕಳಿಸಲಿ, ಬರೆದುಕೊಳ್ಳಲು ನಮ್ಮಲ್ಲಿ ಕೈಗಳಿವೆ. ಕುಂದಾಪುರದ ಕನ್ನಡವನ್ನೋ ಕಲಬುರಗಿಯ ಕನ್ನಡವನ್ನೋ ತಿದ್ದಿ ಪಠ್ಯಪುಸ್ತಕದ ಕನ್ನಡ ಮಾಡುವುದು ಬೇಡ. ಅಟ್ಲಾಂಟಾ, ವಾಷಿಂಗ್ಟನ್ ಕಡೆಯ ಬಂಧುಗಳ ಮಕ್ಕಳಿಂದಲೂ ಒಂದೆರಡು ತರಿಸಿ ಪಕ್ಕದಲ್ಲಿ ಹಾಕಿದರೆ ನಮ್ಮ ಮಕ್ಕಳಿಗೆ ಓದಲು ಮಜಾ ಇರುತ್ತದೆ. ಪುಟದ ಖರ್ಚಿಗೆ ಜಾಹೀರಾತು ಹಿಡಿದು ತರುವ ಹೊಣೆ ನಮ್ಮದು. ಅಂಕಪಟ್ಟಿಯ ಫೋಟೋ ಮಾತ್ರ ಯಾರೂ ಕಳಿಸಬೇಡಿ, ಅದಕ್ಕೆ ಬೇರೆ ಪುಟ ಇದ್ದೇ ಇದೆ.