ಬೇಟೆ ವಿಹಾರಗಳಿಗೆಂದು ಕಾಡುಭೂಮಿಯ ಕ್ರಯ

ಮಲೆನಾಡಿನ ತಾಲ್ಲೂಕುಗಳಲ್ಲಿ ಇತ್ತೀಚೆಗೆ ಹೊಸ ಬಗೆಯ ಗಿರಾಕಿಗಳು ಕಾಣಬರುತ್ತಿದ್ದಾರೆ. ಇವರು ಗದ್ದೆಯನ್ನು ಕೇಳುವವರಲ್ಲ. ಫಲಕ್ಕೆ ಬಂದ ತೋಟವನ್ನೂ ಕೇಳುವವರಲ್ಲ. ವಿದ್ಯುತ್ ತಂತಿಯು ಮುಟ್ಟದ, ಮರಗಳು ದಟ್ಟವಾಗಿರುವ, ಅಬ್ಬಿಯ ನೀರು ಹರಿಯುವ ಹತ್ತಿಪ್ಪತ್ತು ಎಕರೆ ಒಂದೇ ಚಕ್ಕಿನಲ್ಲಿ ಬೇಕೆನ್ನುತ್ತಾರೆ. ರಜೆಯಲ್ಲಿ ಬಂದು ಡೇರೆ ಹಾಕುವುದು, ಅಲೆಯುವುದು, ಸಾಧ್ಯವಾದರೆ ಒಂದೆರಡು ಈಡು ಹಾರಿಸುವುದು ಇವರ ಅಪೇಕ್ಷೆ. ವ್ಯವಸಾಯಗಾರರಲ್ಲದವರು ಜಮೀನು ಕೊಳ್ಳಲು ೧೯೬೧ನೆಯ ಇಸವಿಯ ಭೂಸುಧಾರಣಾ ಕಾಯಿದೆಯಲ್ಲಿದ್ದ ನಿರ್ಬಂಧವನ್ನು ೨೦೨೦ರಲ್ಲಿ ತೆಗೆದುಹಾಕಿದ ಮೇಲೆ ಇಂಥ ಕ್ರಯಕ್ಕೆ ದಾರಿ ಸುಗಮವಾಯಿತು. ತನ್ನ ಸ್ವತ್ತನ್ನು ಒಳ್ಳೆಯ ಬೆಲೆಗೆ ಮಾರುವವನನ್ನು ತಡೆಯುವುದು ಈ ಲೇಖನದ ಉದ್ದೇಶವಲ್ಲ. ಆದರೆ ಮಾರುತ್ತಿರುವುದು ಯಾವ ವಸ್ತುವೆಂಬುದು ಮಾರುವವನಿಗೂ ಕೊಳ್ಳುವವನಿಗೂ ಸ್ಪಷ್ಟವಾಗಿ ತಿಳಿಯದೆ ಕಾಗದಪತ್ರಗಳಾಗುತ್ತಿರುವುದು ಗ್ರಾಮಕ್ಕೆ ಕ್ಷೇಮಕರವಲ್ಲವೆಂದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಬೇಟೆಯ ವಿಷಯ. ಹಿಂದೆ ಪರವಾನಗಿಯನ್ನು ಪಡೆದು ಶಿಕಾರಿಗೆ ಹೋಗುತ್ತಿದ್ದ ಕಾಲವೊಂದಿದ್ದಿತು. ೧೯೭೨ನೆಯ ಇಸವಿಯ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ೧೯೯೧ರಲ್ಲಿ ಅದಕ್ಕಾದ ತಿದ್ದುಪಡಿಯೂ ಆ ಪದ್ಧತಿಯನ್ನು ಕೊನೆಗಾಣಿಸಿದುವು. ಭೂಮಿಯು ಸ್ವಂತದ್ದಾದ ಮಾತ್ರಕ್ಕೆ ಅಲ್ಲಿ ಸಂಚರಿಸುವ ಕಡವೆ, ಕಾಡುಕುರಿ, ಕಾಡುಕೋಳಿಗಳು ಸ್ವಂತದ್ದಾಗುವುದಿಲ್ಲ. ಕೊಲ್ಲುವುದೊಂದೇ ಬೇಟೆಯೆಂದು ತಿಳಿಯಬಾರದು. ಉರುಳು ಹಾಕುವುದು, ಸೋವುವುದು, ಆಮಿಷವೊಡ್ಡುವುದು, ಗೂಡಿನಿಂದ ಮೊಟ್ಟೆ ತೆಗೆಯುವುದು ಇವೆಲ್ಲವೂ ಕಾಯಿದೆಯ ಅರ್ಥದಲ್ಲಿ ಬೇಟೆಯೇ. ಪೈರನ್ನು ಹಾಳುಮಾಡುವ ಹಂದಿಯ ವಿಷಯದಲ್ಲಿ ಸಹ ಅಧಿಕಾರವುಳ್ಳ ಅರಣ್ಯಾಧಿಕಾರಿಯ ಲಿಖಿತ ಅಪ್ಪಣೆ ಬೇಕು. ಬೆಳೆಯ ರಕ್ಷಣೆಗೆಂದು ಕೊಟ್ಟಿರುವ ಕೋವಿಯ ಲೈಸೆನ್ಸು ವಿನೋದದ ಬೇಟೆಗೆ ರಹದಾರಿಯಲ್ಲ. ಹೀಗಿರಲು, “ಇಲ್ಲಿ ಶಿಕಾರಿಗೆ ಬಹಳ ಅನುಕೂಲ” ಎಂದು ಹೇಳಿ ಬೆಲೆಯೇರಿಸುವ ದಲ್ಲಾಳಿಯು ಅಪರಾಧವೊಂದನ್ನು ಮಾರುತ್ತಿದ್ದಾನೆ. ಪ್ರಕರಣವಾದಾಗ ಪಟ್ಟಣದವನು ವಕೀಲರನ್ನಿಟ್ಟುಕೊಂಡಾನು. ಕೂಲಿಯಾಸೆಗೆ ಸೋವಲು ಹೋದ ಊರಿನ ಹುಡುಗನ ಗತಿ ಏನು?

ಇನ್ನು ಭೂಮಿಯ ವಿಷಯ. ಕಾಡಾಗಿ ಕಾಣುವ ನೆಲದಲ್ಲಿ ಹಕ್ಕುಗಳು ನಾನಾ ವಿಧವಾಗಿರುತ್ತವೆ. ಅಡಿಕೆ ತೋಟಗಾರರ ಅನುಭೋಗದಲ್ಲಿರುವ ಸೊಪ್ಪಿನಬೆಟ್ಟವು ತೋಟಕ್ಕೆ ಸೊಪ್ಪು, ದರಗು ತರುವುದಕ್ಕಾಗಿ ಬಿಟ್ಟದ್ದೇ ಹೊರತು ಕ್ರಯಕ್ಕೆ ಹಾಕಬಹುದಾದ ಹಿಡುವಳಿಯಲ್ಲ. ಎರಡೆಕರೆ ತೋಟದ ಕ್ರಯಪತ್ರವನ್ನು ಬರೆದುಕೊಟ್ಟು, ಹಿಂದಿನ ಗುಡ್ಡವನ್ನು ಕೈಯಿಂದ ತೋರಿಸಿ “ಅದೂ ಸೇರಿತು” ಎನ್ನುವುದು ವಂಚನೆಯಲ್ಲದೆ ಮತ್ತೇನು? ಪಹಣಿಯಲ್ಲಿ ‘ಬಿ’ ಖರಾಬು ಎಂದು ಬರೆದಿರುವ ಹಳ್ಳ, ದಾರಿ, ಸ್ಮಶಾನಗಳು ಸರ್ವೆ ನಂಬರಿನ ಒಳಗಿದ್ದರೂ ಸಾರ್ವಜನಿಕರವು. ೧೯೯೬ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಗೋದವರ್ಮನ್ ಮೊಕದ್ದಮೆಯಲ್ಲಿ ಕೊಟ್ಟ ಆಜ್ಞೆಯ ಪ್ರಕಾರ, ಮಾಲೀಕರು ಯಾರೇ ಆಗಿರಲಿ, ಕಾಡಿನ ಲಕ್ಷಣವುಳ್ಳ ಭೂಮಿಯನ್ನು ಕಾಡೆಂದೇ ಪರಿಗಣಿಸಬೇಕಾಯಿತು. ತರುವಾಯ ನಮ್ಮ ಸರ್ಕಾರವು ೨೦೨೨ರಲ್ಲಿ ೩.೩ ಲಕ್ಷ ಹೆಕ್ಟೇರಿನಷ್ಟನ್ನು ಪರಿಭಾವಿತ ಅರಣ್ಯವೆಂದು ಗೊತ್ತುಪಡಿಸಿತು. ಸರ್ವೆ ನಂಬರು ಆ ಪಟ್ಟಿಯಲ್ಲಿದೆಯೇ ಎಂಬುದನ್ನು ಮುಂಗಡ ತೆಗೆದುಕೊಳ್ಳುವ ಮೊದಲೇ ನೋಡತಕ್ಕದ್ದು. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯಾದರೆ ೧೯೭೮ರ ಕಾಯಿದೆಯಂತೆ ಸರ್ಕಾರದ ಪೂರ್ವಾನುಮತಿಯಿಲ್ಲದ ಕ್ರಯವು ನಿಲ್ಲುವುದಿಲ್ಲ. ಮರ ಕಡಿಯುವುದಕ್ಕೆ ೧೯೭೬ರ ವೃಕ್ಷ ಸಂರಕ್ಷಣಾ ಕಾಯಿದೆಯೂ, ಮನೆ ಕಟ್ಟುವುದಕ್ಕೆ ಭೂಪರಿವರ್ತನೆಯ ನಿಯಮಗಳೂ ಇವೆ.

ಕಾಗದವೆಲ್ಲ ಸರಿಯಾಗಿದ್ದರೂ ನೀರಿನ ಪ್ರಶ್ನೆ ಉಳಿಯುತ್ತದೆ. ನನ್ನ ಎಣಿಕೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಮಲೆನಾಡಿನ ಗದ್ದೆಯು ಕಣಿವೆಯಲ್ಲಿದ್ದರೆ ಅದರ ಬೇರು ಮೇಲಿನ ಕಾಡಿನಲ್ಲಿದೆ. ಬಿದ್ದ ಎಲೆಯ ಹೊದಿಕೆಯು ಮಳೆಯ ಹೊಡೆತವನ್ನು ತಡೆದು ನೀರನ್ನು ಮಣ್ಣಿಗೆ ಇಳಿಸುತ್ತದೆ. ಆ ನೀರೇ ಬೇಸಗೆಯಲ್ಲಿ ಅಬ್ಬಿಯಾಗಿ ಒಸರುತ್ತದೆ. ತಲೆಯಲ್ಲಿರುವ ಹತ್ತೆಕರೆಯ ಹೊಸ ಒಡೆಯನು ಜೀಪು ಹೋಗಲೆಂದು ಗುಡ್ಡವನ್ನು ಯಂತ್ರದಿಂದ ಕಡಿದು, ಅಬ್ಬಿಗೆ ಒಡ್ಡು ಕಟ್ಟಿ ಈಜುವ ಕೊಳ ಮಾಡಿಕೊಂಡರೆ, ಮಳೆಗಾಲದಲ್ಲಿ ಮಣ್ಣೂ ಬೇಸಗೆಯಲ್ಲಿ ಬರಿದಾದ ಕಾಲುವೆಯೂ ಕೆಳಗಿನವರ ಪಾಲಿಗೆ ಬರುತ್ತವೆ. ವರ್ಷಕ್ಕೆ ಹತ್ತು ದಿನ ಬರುವವನಿಗೆ ಇದು ಕಾಣುವುದೂ ಇಲ್ಲ. ಸುತ್ತಲೂ ಮುಳ್ಳುತಂತಿ ಬಂದ ದಿನ ದನಗಳ ದಾರಿ, ದೇವರ ಬನದ ದಾರಿಗಳು ಮುಚ್ಚಿಹೋಗುತ್ತವೆ. ಆದಕಾರಣ ಮಾರಲೇಬೇಕಾದವರು ಅಬ್ಬಿಯ ಮೂಲ, ಕಾಲುವೆ, ಕಾಲುದಾರಿಗಳನ್ನು ನಕ್ಷೆಯಲ್ಲಿ ಗುರುತಿಸಿ, ಕೆಳಗಿನ ಹಿಡುವಳಿದಾರರ ಹಕ್ಕನ್ನು ಚೆಕ್ಕುಬಂದಿಯೊಡನೆ ಕ್ರಯಪತ್ರದಲ್ಲಿಯೇ ಕಾಣಿಸಬೇಕು. ಬಾಯಿಮಾತಿನ ಭರವಸೆಯು ಭೂಮಿ ಎರಡನೆಯ ಸಲ ಕೈಬದಲಾದಾಗ ಉಳಿಯಲಾರದು. ಗ್ರಾಮದ ಮುಖಂಡರು ಈ ಒಂದು ಕೆಲಸವನ್ನು ಮುಂದೆ ನಿಂತು ಮಾಡಿಸಿದರೆ ಮುಂದಿನ ವ್ಯಾಜ್ಯಗಳಲ್ಲಿ ಅರ್ಧ ತಪ್ಪುವುವು.

ಮಾರದೆಯೇ ಆದಾಯ ಪಡೆಯುವ ಮಾರ್ಗವೂ ಉಂಟು. ಬರುವವರಿಗೆ ಬೇಕಾದದ್ದು ನೆರಳು, ನೀರು, ನಿಶ್ಶಬ್ದ. ಇವನ್ನು ಒಡೆತನವನ್ನು ಕೈಬಿಡದೆ, ತಕ್ಕ ಅನುಮತಿಗಳನ್ನು ಪಡೆದು, ಮನೆಯಲ್ಲಿ ಇಳಿಸಿಕೊಂಡು ಒದಗಿಸಬಹುದು. ಹಕ್ಕಿ ನೋಡುವುದಕ್ಕೆ ಬರುವವನು ಕೋವಿಯವನಿಗಿಂತ ಸುಲಭದ ಅತಿಥಿ. ಊಟದಲ್ಲಿ ಮಾತ್ರ ಇಬ್ಬರೂ ಸಮಾನರು.

ಅತಿಥಿಯೇ ಆಗಲಿ, ಹೊಸ ಒಡೆಯನೇ ಆಗಲಿ, ಕಾಡಿನೊಳಗೆ ಮಲಗುವವರಿಗೆ ಎರಡು ವಿಷಯಗಳನ್ನು ಮೊದಲ ದಿನವೇ ತಿಳಿಸಬೇಕು. ದರಗು ಒಣಗಿದ ತಿಂಗಳುಗಳಲ್ಲಿ ಬಯಲುಬೆಂಕಿ ಕೂಡದು. ಎರಡನೆಯದು ಮಂಗನ ಕಾಯಿಲೆ. ೧೯೫೭ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಈ ಜ್ವರವು ಉಣುಗುಗಳ ಕಡಿತದಿಂದ ಹರಡುತ್ತದೆ. ಚಳಿಗಾಲದಿಂದ ಮುಂಗಾರಿನ ಮೊದಲಿನವರೆಗೆ ಇದರ ಹಾವಳಿ ಹೆಚ್ಚು. ಪಟ್ಟಣದವರ ರಜೆಗಳು ಬಹುಪಾಲು ಆಗಲೇ ಬರುತ್ತವೆ. ಮೈತುಂಬ ಬಟ್ಟೆಯಿಲ್ಲದೆ ದರಗಿನ ಮೇಲೆ ಕುಳಿತುಕೊಳ್ಳಬಾರದು. ಹಿಂದಿರುಗಿದೊಡನೆ ಬಿಸಿನೀರಿನಲ್ಲಿ ಸ್ನಾನಮಾಡಿ ಬಟ್ಟೆಗಳನ್ನು ಒಗೆಯಬೇಕು. ಮಂಗವು ಸತ್ತುಬಿದ್ದಿರುವುದು ಕಂಡರೆ ಮುಟ್ಟದೆ ಅದೇ ದಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಸುದ್ದಿ ಕಳುಹಿಸತಕ್ಕದ್ದು.